ಸನ್ನೆಬಂದೂಕಿನ ವಯಸ್ಸು

ಬಂದೂಕಿನ ಕೆಳಭಾಗದಲ್ಲಿ ಬಳೆಯಂತೆ ಬಾಗಿದ ಉಕ್ಕಿನ ಹಿಡಿಯೊಂದಿದ್ದು, ಅದನ್ನು ಕೆಳಕ್ಕೆಳೆದಾಗ ನಳಿಗೆಯ ಹಿಂಬಾಗಿಲು ತೆರೆದು, ಮೇಲಕ್ಕೊತ್ತಿದಾಗ ಮುಚ್ಚುವುದಾದರೆ ಅದನ್ನು ಸನ್ನೆಬಂದೂಕೆಂದು ಕರೆಯೋಣ. ಹಳೆಯ ಆಯುಧಗಳ ಸಂಗ್ರಾಹಕರಿಗೆ ಇದು ಬಲು ಪ್ರಿಯವಾದ ವಸ್ತು. ಕೊಪ್ಪಳ, ಯಲಬುರ್ಗಾ ಸೀಮೆಯ ಹಳೆಯ ವಾಡೆಯೊಂದರ ಅಟ್ಟದಲ್ಲಿ ಇಂಥದೊಂದು ದೊರೆಯಿತೆನ್ನಿ. 1858ರಲ್ಲಿ ಮುಂಡರಗಿ ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದಾಗ ಅವರ ಕಡೆಯವರು ಹಿಡಿದಿದ್ದ ಬಂದೂಕಿದು ಎಂದು ಮನೆಯ ಹಿರಿಯರು ಹೇಳಿದರೆ ನಂಬಬಹುದೆ? ಉತ್ತರವನ್ನು ಬಂದೂಕಿನ ಯಂತ್ರರಚನೆಯಿಂದಲೇ ಪಡೆಯಬಹುದು.

ಸನ್ನೆಯ ತತ್ತ್ವ ವಾಚಕರಿಗೆ ಹೊಸದಲ್ಲ. ಕುಷ್ಟಗಿಯ ಕಡೆ ಕಲ್ಲು ಎಬ್ಬಿಸುವವರು ಹಾರೆಯಿಂದ ಬಂಡೆಯನ್ನು ಮೀಟುವುದು ಈ ತತ್ತ್ವದಿಂದಲೇ. ಕೈ ಹಿಡಿಯುವ ತುದಿ ಆಧಾರಬಿಂದುವಿನಿಂದ 12 ಸೆಂಟಿಮೀಟರು, ಕೆಲಸ ಮಾಡುವ ತುದಿ 3 ಸೆಂಟಿಮೀಟರು ದೂರದಲ್ಲಿದ್ದರೆ, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದಾಗ, ಬಲ ನಾಲ್ಮಡಿಯಾಗುತ್ತದೆ. ಬಂದೂಕಿಗೆ ಇಷ್ಟು ಬಲವೇತಕ್ಕೆ? ಗುಂಡು ಹಾರಿದಾಗ ಹಿತ್ತಾಳೆಯ ತೋಟಾ ಅನಿಲದ ಒತ್ತಡದಿಂದ ಹಿಗ್ಗಿ ನಳಿಗೆಯ ಒಳಗೋಡೆಗೆ ಕಚ್ಚಿಕೊಳ್ಳುತ್ತದೆ. ಮದ್ದಿನ ಮಸಿಯೂ ಸೇರಿತೆಂದರೆ ಅದನ್ನು ಬೆರಳಿನಿಂದ ಕೀಳುವುದು ಸುಲಭವಲ್ಲ. ಸನ್ನೆಗೆ ಹೊಂದಿಕೊಂಡ ಒಂದು ಚಿಕ್ಕ ಕೊಕ್ಕೆ ತೋಟಾದ ಅಂಚನ್ನು ಹಿಡಿದು ಅದನ್ನು ಹೊರಗೆಳೆಯುತ್ತದೆ.

ಕಾಲವನ್ನು ಸೂಚಿಸುವುದು ಈ ಕೊಕ್ಕೆಯೇ ಹೊರತು ಸನ್ನೆಯಲ್ಲ. ಅಮೆರಿಕದ ಶಾರ್ಪ್ಸ್ ಬಂದೂಕಿಗೆ 1848ರಷ್ಟು ಹಿಂದೆಯೇ ಸನ್ನೆಯಿತ್ತು. ಆದರೆ ಆಗ ಅದು ಬಳಸುತ್ತಿದ್ದುದು ಕಾಗದದ ತೋಟಾ. ಕಾಗದ ಉರಿದುಹೋಗುವುದರಿಂದ ಕೀಳುವ ಮಾತೇ ಇಲ್ಲ. ಲೋಹದ ತೋಟಾಗಳನ್ನು ಒಂದರ ಹಿಂದೊಂದರಂತೆ ಹಾರಿಸುವ ಹೆನ್ರಿ ಬಂದೂಕಿಗೆ ಪೇಟೆಂಟು ದೊರೆತದ್ದು 1860ರಲ್ಲಿ. ಹೆಸರಾಂತ ವಿಂಚೆಸ್ಟರ್ ಮಾದರಿ ಬಂದದ್ದು 1873ರಲ್ಲಿ. ಬ್ರಿಟಿಷ್ ಸೈನ್ಯ ಮಾರ್ಟಿನಿ-ಹೆನ್ರಿಯನ್ನು ಸ್ವೀಕರಿಸಿದ್ದು 1871ರಲ್ಲಿ. (ಈ ಹೆನ್ರಿ ಎಡಿನ್‌ಬರೋದವನು, ಅಮೆರಿಕದ ಹೆನ್ರಿಯೇ ಬೇರೆ.) ಮಾರ್ಟಿನಿಗೆ ಸನ್ನೆಯಿದ್ದರೂ ಒಂದು ಸಲಕ್ಕೆ ಒಂದೇ ತೋಟಾ. ಭೀಮರಾಯರ ಕಾಲಕ್ಕೆ ನಮ್ಮ ನಾಡಿನಲ್ಲಿ ಬಳಕೆಯಲ್ಲಿದ್ದುದು ಬಹುಮಟ್ಟಿಗೆ ಬಾಯಿಯಿಂದ ಮದ್ದು ತುಂಬುವ ಬತ್ತಿಯ, ಚಕಮಕಿಯ ಅಥವಾ ಕೇಪಿನ ಬಂದೂಕು. ಆದುದರಿಂದ ಅಟ್ಟದ ಬಂದೂಕು ಮಾರ್ಟಿನಿಯೋ ವಿಂಚೆಸ್ಟರೋ ಆಗಿದ್ದರೆ ಮನೆತನದ ಕಥೆ ನಿಲ್ಲುವುದಿಲ್ಲ. ಹಿರಿಯರಿಗೆ ಬೇಸರವಾದೀತು; ಆದರೂ ಹೇಳಲೇಬೇಕು. ಹಾಗೆಂದು ಬಂದೂಕು ಬೆಲೆಗೆಟ್ಟಿತೆಂದಲ್ಲ, ಅದರ ನಿಜವಾದ ಚರಿತ್ರೆಯನ್ನು ಬೇರೆಡೆ ಹುಡುಕಬೇಕಾಯಿತು, ಅಷ್ಟೆ.

ಮಾರ್ಟಿನಿಯ ಬಲಮಗ್ಗುಲಲ್ಲಿ ಸಾಮಾನ್ಯವಾಗಿ ಕಿರೀಟ, ವಿಕ್ಟೋರಿಯಾ ರಾಣಿಯ ಹೆಸರಿನ ಮೊದಲಕ್ಷರ, ಕಾರ್ಖಾನೆಯ ಹೆಸರು, ಇಸವಿ ಇರುತ್ತವೆ. ಇವನ್ನೂ ಕಣ್ಣುಮುಚ್ಚಿ ನಂಬಬಾರದು. ಖೈಬರ್ ಸೀಮೆಯ ಕಮ್ಮಾರರು ಕೈಯಿಂದಲೇ ಇಂಥ ಬಂದೂಕುಗಳ ನಕಲು ತಯಾರಿಸುತ್ತಿದ್ದರು. ಇಂಗ್ಲಿಷ್ ಅರಿಯದ ಕೈ ಕೆತ್ತಿದ ಅಕ್ಷರ ಎಷ್ಟೋ ವೇಳೆ ತಿರುವುಮುರುವಾಗಿರುತ್ತದೆ.

ನಳಿಗೆಯ ಒಳಮೈಯೂ ಸಾಕ್ಷಿ ನುಡಿಯುತ್ತದೆ. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಕಪ್ಪುಮದ್ದು ಉರಿದಾಗ ಅದರ ತೂಕದ ಅರ್ಧಕ್ಕೂ ಹೆಚ್ಚು ಘನರೂಪದ ಲವಣಗಳಾಗಿ ಉಳಿಯುತ್ತದೆ. ಇವು ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತವೆ. ತೊಳೆಯದೆ ಇಟ್ಟ ಬಂದೂಕಿನ ನಳಿಗೆಯಲ್ಲಿ ಸಿಡುಬಿನ ಕಲೆಯಂಥ ಕುಳಿಗಳು ಕಾಣುವುದು ಇದರಿಂದಲೇ. ಇಂಥ ನಳಿಗೆಯಲ್ಲಿ ಇಂದಿನ ಹೊಗೆಯಿಲ್ಲದ ಮದ್ದಿನ ತೋಟಾ ಹಾರಿಸಿದರೆ ಬಂದೂಕು ಒಡೆದು ಹಾರಿಸಿದವನ ಪ್ರಾಣಕ್ಕೇ ಎರವಾಗಬಹುದು.

ಕುತೂಹಲದಿಂದ ಸನ್ನೆಯನ್ನು ಎಳೆದು ನೋಡುವುದೂ ಬೇಡ; ಒಳಗೆ ತೋಟಾ ಇದ್ದರೂ ಇರಬಹುದು. ಬಲ್ಲವರಿಂದ ಪರೀಕ್ಷೆ ಮಾಡಿಸಿ, ಪೊಲೀಸು ಠಾಣೆಗೆ ತಿಳಿಸುವುದು ಮೊದಲ ಕೆಲಸ. ದುರಸ್ತಿ ಮಾಡಿದರೂ ಹಾರಿಸಲಾಗದ ಪುರಾತನ ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ವಿನಾಯಿತಿಯುಂಟು. ಹಾರಬಲ್ಲದ್ದಾದರೆ ಎಷ್ಟೇ ಹಳೆಯದಿದ್ದರೂ ಪರವಾನಗಿ ಬೇಕು.

ಇನ್ನು ಮುದ್ರೆ ಮಾಸಿದೆಯೆಂದು ಮರಳುಕಾಗದದಿಂದ ಉಜ್ಜುವವರುಂಟು. ಉಜ್ಜಿದರೆ ಅಕ್ಷರವೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಕತ್ತಲೆಯ ಕೋಣೆಯಲ್ಲಿ ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಕೂದಲೆಳೆಯಷ್ಟು ತಗ್ಗಿನ ಗೆರೆಗೂ ಉದ್ದನೆಯ ನೆರಳು ಬಿದ್ದು ಇಸವಿ ಓದಲು ಬರುತ್ತದೆ.