ಹೊಟ್ಟೆಯಲ್ಲಿ ಉಳಿದ ಬಟ್ಟೆ

ಸರ್ಕಾರಿ ಆಸ್ಪತ್ರೆ ಬಡವರ ಆಸರೆ. ಹೆರಿಗೆಗೆ ಅಲ್ಲಿಗೇ ಹೋಗುತ್ತೇವೆ. ಹಾವು ಕಚ್ಚಿದರೂ ಅಲ್ಲಿಗೇ ಓಡುತ್ತೇವೆ. ಅಲ್ಲೇ ತಪ್ಪಾದರೆ? ಯಾರನ್ನು ಕೇಳೋದು?

ಇದು ನಡೆದ ಸಂಗತಿ. 1963ನೇ ಇಸವಿ, ಜುಲೈ ತಿಂಗಳು. ಮಹಾರಾಷ್ಟ್ರದ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆ. ಅಲ್ಲಿ ಒಬ್ಬ ತಾಯಿಗೆ ಹೆರಿಗೆ ಆಯಿತು. ಮೂರು ದಿನದ ಮೇಲೆ, ಮುಂದೆ ಮಕ್ಕಳಾಗದಂತೆ ಆಪರೇಷನ್ ಮಾಡಿದರು. ಆಮೇಲೆ ಜ್ವರ ಬಂತು. ಹೊಟ್ಟೆನೋವು ಹೆಚ್ಚಾಯಿತು. ಮತ್ತೆ ಹೊಟ್ಟೆ ಕೊಯ್ದು ನೋಡಿದರು. ಒಳಗೆ ಒಂದು ಬಟ್ಟೆ ಇತ್ತು! ಮೊದಲ ಆಪರೇಷನ್ನಿನಲ್ಲಿ ಮರೆತು ಬಿಟ್ಟ ಬಟ್ಟೆ. ಕೀವು ತುಂಬಿತ್ತು. ಆ ತಾಯಿ ಬದುಕಲಿಲ್ಲ.

ಗಂಡ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟು 36,000 ರೂಪಾಯಿ ಪರಿಹಾರ ಕೊಡಿ ಎಂದಿತು. ಹೈಕೋರ್ಟು ಒಪ್ಪಲಿಲ್ಲ. ಕೊನೆಗೆ 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆಸ್ಪತ್ರೆ ನೌಕರರ ಅಜಾಗರೂಕತೆಗೆ ಸರ್ಕಾರವೇ ಹೊಣೆ, ಪರಿಹಾರ ಕೊಡಬೇಕು ಎಂದಿತು. ಅಷ್ಟು ಹೊತ್ತಿಗೆ ಆ ತಾಯಿ ಸತ್ತು 33 ವರ್ಷ ಆಗುತ್ತಾ ಬಂದಿತ್ತು.

ಪರಿಹಾರದ ದುಡ್ಡು ಎಲ್ಲಿಂದ ಬರುತ್ತದೆ? ಸರ್ಕಾರದ ಬೊಕ್ಕಸದಿಂದ. ಬೊಕ್ಕಸಕ್ಕೆ ಎಲ್ಲಿಂದ? ನಮ್ಮ ತೆರಿಗೆಯಿಂದ. ಸೋಪು ಕೊಂಡರೂ ನಾವು ತೆರಿಗೆ ಕೊಡುತ್ತೇವೆ. ಆಸ್ಪತ್ರೆಯ ಔಷಧಿ, ಹಾಸಿಗೆ, ನರ್ಸಮ್ಮನ ಸಂಬಳ, ಎಲ್ಲಕ್ಕೂ ಅದೇ ಬೊಕ್ಕಸ.

"ಹಾಗಾದ್ರೆ ಪರಿಹಾರ ಕೇಳೋದೇ ತಪ್ಪಾ?" ಎಂದು ನೀವು ಕೇಳಬಹುದು. ತಪ್ಪಲ್ಲ. ತಾಯಿ ಇಲ್ಲದ ಮನೆಯೊಂದೇ ಇಡೀ ಹೊರೆ ಹೊರಬೇಕೇ? ಹತ್ತು ಜನ ಹೊತ್ತರೆ ಭಾರ ಹಗುರ. ದುಡ್ಡು ಉಳಿಸುವ ದಾರಿ ಬೇರೆ ಇದೆ. ತಪ್ಪೇ ಆಗದಂತೆ ನೋಡಿಕೊಳ್ಳಬೇಕು. ಹೊಲಿಗೆ ಹಾಕುವ ಮುಂಚೆ ಬಟ್ಟೆ ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯೂ 2008ರಲ್ಲಿ ಇದನ್ನೇ ಹೇಳಿತು. ಎಣಿಸಲು ಹೆಚ್ಚು ಖರ್ಚಿಲ್ಲ. ಆದರೆ ಎಣಿಸುವ ಕೈಗಳು ಬೇಕು. ಆಸ್ಪತ್ರೆಯಲ್ಲಿ ಸಾಕಷ್ಟು ನರ್ಸುಗಳಿರಬೇಕು.

ಇನ್ನೊಂದು ಮಾತು. ಎಲ್ಲ ಸಾವೂ ಡಾಕ್ಟರ ತಪ್ಪಲ್ಲ. ಎಷ್ಟು ಎಚ್ಚರ ವಹಿಸಿದರೂ ಕೆಲವು ಜೀವ ಉಳಿಯುವುದಿಲ್ಲ. ಆದ್ದರಿಂದ ಕೈ ಎತ್ತಬೇಡಿ, ಕಾಗದ ಕೇಳಿ.

ನಿಮಗೆ ಗೊತ್ತಿರಲಿ

1. ಆಸ್ಪತ್ರೆಯ ಚೀಟಿ, ರಿಪೋರ್ಟು ಜೋಪಾನವಾಗಿಡಿ.
2. ಚಿಕಿತ್ಸೆಯ ದಾಖಲೆ ಕೇಳುವುದು ನಿಮ್ಮ ಹಕ್ಕು. ಕೇಳಿದ 72 ಗಂಟೆಯೊಳಗೆ ಕೊಡಬೇಕು. ಇದು 2002ರ ನಿಯಮ.
3. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಆಸ್ಪತ್ರೆಯ ಮೇಲೆ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಬರುವುದಿಲ್ಲ. ಸಿವಿಲ್ ಕೋರ್ಟಿಗೆ ಹೋಗಬಹುದು.
4. ವಕೀಲರಿಗೆ ಕೊಡಲು ದುಡ್ಡಿಲ್ಲವೇ? ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅಲ್ಲಿ ವಕೀಲರ ನೆರವು ಉಚಿತ.

ಉತ್ತರ ಹೇಳಿ

1. ತಾಯಿಯ ಹೊಟ್ಟೆಯಲ್ಲಿ ಏನು ಉಳಿದಿತ್ತು?
2. ಪರಿಹಾರದ ದುಡ್ಡು ಎಲ್ಲಿಂದ ಬರುತ್ತದೆ?

ಕೂಡಿ ಮಾತಾಡಿ

ನಮ್ಮ ಆಸ್ಪತ್ರೆಯಲ್ಲಿ ಎಷ್ಟು ನರ್ಸುಗಳಿದ್ದಾರೆ? ಅಷ್ಟು ಸಾಕೇ? ಸಾಲದಿದ್ದರೆ ಗ್ರಾಮಸಭೆಯಲ್ಲಿ ಯಾರು ಕೇಳುತ್ತೀರಿ?