ದೋಣಿಯ ಹಿಂಗೋಡೆಯಲ್ಲಿ ನೀರಿನ ಜಾಡು

ತಣಿಸಂದ್ರ, ಅಲ್ಲಾಳಸಂದ್ರ, ತಿಪ್ಪಸಂದ್ರ, ಸಿಂಗಸಂದ್ರ ಮುಂತಾದ ಊರ ಹೆಸರುಗಳ ಕೊನೆಯಲ್ಲಿ ಬರುವ ‘ಸಂದ್ರ’ವು ‘ಸಮುದ್ರ’ ಶಬ್ದದ ತದ್ಭವವೆಂಬುದು ಅನೇಕರಿಗೆ ತಿಳಿದ ವಿಷಯ. ನಮ್ಮ ಹಿರಿಯರು ತಾವು ಕಟ್ಟಿದ ಕೆರೆಯನ್ನೇ ಸಮುದ್ರವೆಂದು ಕರೆದು ಸಂತೋಷಪಟ್ಟರು. ಆದರೆ ಜಕ್ಕೂರು ಕೆರೆಯ ನೀರು ಇಳಿದು ರಾಚೇನಹಳ್ಳಿಯ ಕೆರೆಯನ್ನು ಸೇರುವ ಈ ಸೀಮೆಯಲ್ಲಿ ನಿಜವಾದ ಕಡಲಿಲ್ಲ. ದೋಣಿಯ ಬಳಕೆಯೂ ಅಪರೂಪ. ಹೀಗಿರುವಲ್ಲಿ ದೋಣಿಯ ಸೋರಿಕೆಯ ವಿಚಾರ ನಮಗೇಕೆ ಎಂದು ವಾಚಕರು ಕೇಳಬಹುದು.

ಇದಕ್ಕೆ ಎರಡು ಉತ್ತರಗಳುಂಟು. ೨೦೨೧ರ ನವೆಂಬರಿನಲ್ಲಿಯೂ ೨೦೨೪ರ ಅಕ್ಟೋಬರಿನಲ್ಲಿಯೂ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯವು ಜಲಾವೃತವಾದಾಗ, ಮನೆಗಳಲ್ಲಿ ಸಿಕ್ಕಿಬಿದ್ದವರನ್ನು ಹೊರತರಲು ದೋಣಿಗಳೇ ಬೇಕಾದುವು. ಕಡಲಿಲ್ಲದ ಊರಿಗೂ ದೋಣಿ ಬೇಕಾಗುವ ಕಾಲ ಬಂದಿದೆ ಎಂಬುದು ಮೊದಲನೆಯದು. ಎರಡನೆಯದು, ನಮ್ಮದೇ ರಾಜ್ಯದ ಕರಾವಳಿಗೆ ಸಂಬಂಧಿಸಿದುದು. ಕರ್ನಾಟಕದಲ್ಲಿ ಪ್ರತಿ ವರ್ಷ ಜೂನ್ ೧ರಿಂದ ಜುಲೈ ೩೧ರ ವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ; ೧೦ ಅಶ್ವಶಕ್ತಿಯ ವರೆಗಿನ ಯಂತ್ರವನ್ನು ಜೋಡಿಸಿದ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಎಂದರೆ, ಕಡಲು ಅತ್ಯಂತ ಒರಟಾಗಿರುವ ದಿನಗಳಲ್ಲಿಯೇ ಅತ್ಯಂತ ಚಿಕ್ಕ ದೋಣಿಗಳು ಅಳಿವೆಯನ್ನು ದಾಟಿ ಹೋಗುತ್ತವೆ. ಇಂಥ ದೋಣಿಗಳಲ್ಲಿ ಬಹಳಷ್ಟು ಈಗ ಗಾಜುನಾರಿನವು. ಅವುಗಳ ಹಿಂಭಾಗ ಗಟ್ಟಿಯಾಗಿದೆಯೇ ಇಲ್ಲವೇ ಎಂಬುದು ಅಲ್ಲಿ ಪಾಂಡಿತ್ಯದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ಹಿಂಗೋಡೆ ಎಂದರೇನು?

ನಮ್ಮ ಹರಿಗೋಲು ದುಂಡಗಿದೆ. ಅದಕ್ಕೆ ಹಿಂದು ಮುಂದುಗಳಿಲ್ಲ. ಕಡಲಿನ ಹಳೆಯ ಮರದ ದೋಣಿಗಳಲ್ಲಿ ಬಹುಮಟ್ಟಿಗೆ ಎರಡು ತುದಿಗಳೂ ಚೂಪು. ಹುಟ್ಟು ಹಾಕುವಾಗ ಇದರಿಂದ ತೊಂದರೆಯಿಲ್ಲ. ಆದರೆ ದೋಣಿಯ ಹಿಂದೆ ಯಂತ್ರವನ್ನು ತೂಗುಹಾಕಬೇಕಾದರೆ ಚಪ್ಪಟೆಯಾದ, ನೆಟ್ಟಗೆ ನಿಂತ ಗೋಡೆಯೊಂದು ಬೇಕು. ಇದನ್ನು ಟ್ರಾನ್ಸಮ್ ಎನ್ನುತ್ತಾರೆ. ಈ ಲೇಖನದಲ್ಲಿ ನಾವು ಹಿಂಗೋಡೆ ಎಂದು ಕರೆಯೋಣ.

ಗಾಜಿನ ನಾರನ್ನು ಪಾಲಿಯೆಸ್ಟರ್ ರಾಳದಲ್ಲಿ ತೋಯಿಸಿ ದೋಣಿಯನ್ನು ಮಾಡುವ ವಿದ್ಯೆ ಎರಡನೆಯ ಮಹಾಯುದ್ಧದ ಕಾಲದ್ದು. ಅಮೆರಿಕದ ಒಹಾಯೊ ಪ್ರಾಂತದ ರೇ ಗ್ರೀನ್ ಎಂಬಾತನು ೧೯೪೨ರಲ್ಲಿ ಇಂಥ ದೋಣಿಯನ್ನು ಮಾಡಿದನು. ಗಾಜು ಕೊಳೆಯದು, ಗೆದ್ದಲಿಗೆ ಆಹಾರವಾಗದು, ತುಕ್ಕು ಹಿಡಿಯದು. ಆದುದರಿಂದ ‘ಫೈಬರ್ ದೋಣಿಗೆ ಕೊಳೆಯುವ ಭಯವಿಲ್ಲ’ ಎಂಬ ಮಾತು ಹುಟ್ಟಿತು. ಈ ಮಾತು ಹಿಂಗೋಡೆಯ ಮಟ್ಟಿಗೆ ನಿಜವಲ್ಲ. ಹಲಗೆಯೊಂದರ ಬಿಗುವು ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ದಪ್ಪವು ಎರಡರಷ್ಟಾದರೆ ಬಿಗುವು ಎಂಟರಷ್ಟಾಗುತ್ತದೆ. ಯಂತ್ರವನ್ನು ಹೊರಲು ಬೇಕಾದ ದಪ್ಪವನ್ನೆಲ್ಲ ಗಾಜುನಾರಿನಿಂದಲೇ ತುಂಬಿದರೆ ಖರ್ಚೂ ಹೆಚ್ಚು, ಭಾರವೂ ಹೆಚ್ಚು. ಆದಕಾರಣ ಎರಡು ಗಾಜುನಾರಿನ ಚರ್ಮಗಳ ನಡುವೆ ಪ್ಲೈವುಡ್ ಹಲಗೆಯನ್ನಿಟ್ಟು ಅಂಟಿಸುವುದು ಬಹುಕಾಲದ ರೂಢಿ. ಹೊರಗೆ ಗಾಜು ಕಾಣುತ್ತದೆ. ಭಾರವನ್ನು ತಡೆದು ನಿಲ್ಲುವುದರಲ್ಲಿ ಒಳಗಿನ ಮರದ ಪಾಲೇ ಬಹಳ. ಈಚೆಗೆ ಕೆಲವು ದೋಣಿಗಳಲ್ಲಿ ಮರಕ್ಕೆ ಬದಲು ಕೃತಕ ನೊರೆಹಲಗೆಯನ್ನು ಬಳಸುವುದೂ ಉಂಟು.

ಹತ್ತು ಅಶ್ವಶಕ್ತಿಯ ಹೊರಯಂತ್ರ ಸುಮಾರು ೩೦ರಿಂದ ೪೦ ಕಿಲೋಗ್ರಾಂ ತೂಗುತ್ತದೆ. ಅದು ಹಿಂಗೋಡೆಯ ಮೇಲಂಚನ್ನು ಹಿಡಿದು ನೇತಾಡುತ್ತದೆ. ಅದರ ಚಕ್ರವು ಕೆಳಗೆ ನೀರಿನೊಳಗಿದ್ದು ದೋಣಿಯನ್ನು ಮುಂದಕ್ಕೆ ನೂಕುತ್ತದೆ. ಮೇಲೆ ಹಿಡಿತ, ಕೆಳಗೆ ನೂಕು: ಹೀಗಾಗಿ ಹಿಂಗೋಡೆಯು ಎಡೆಬಿಡದೆ ಬಾಗುವ ಸೆಳೆತಕ್ಕೆ ಒಳಗಾಗುತ್ತದೆ. ಪ್ರತಿ ಅಲೆಯೂ ಅದನ್ನು ಒಂದು ಸಲ ಅಲುಗಿಸುತ್ತದೆ. ಮರ ಒಣಗಿರುವವರೆಗೆ ಇದರಿಂದ ಬಾಧೆಯಿಲ್ಲ. ಮರದ ತೇವವು ನೂರಕ್ಕೆ ಇಪ್ಪತ್ತರ ಒಳಗಿದ್ದರೆ ಕೊಳೆಸುವ ಬೂಷ್ಟು ಬೆಳೆಯಲಾರದು. ಮೂವತ್ತನ್ನು ಮೀರಿದರೆ ಅದಕ್ಕೆ ಹಬ್ಬ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಉಪ್ಪುನೀರು ಬೂಷ್ಟಿನ ಬೆಳವಣಿಗೆಯನ್ನು ಸ್ವಲ್ಪ ತಡೆಯುತ್ತದೆ, ಸಿಹಿನೀರು ತಡೆಯುವುದಿಲ್ಲ. ಆದುದರಿಂದ ಕಡಲಿನಲ್ಲಿ ದುಡಿಯುವ ದೋಣಿಗಿಂತಲೂ, ದಡದ ಮೇಲೆ ಮಳೆಗೆ ಬಾಯ್ತೆರೆದು ಬಿದ್ದಿರುವ ದೋಣಿಯೇ ಬೇಗ ಕೊಳೆಯುವುದುಂಟು. ಪ್ರವಾಹಕ್ಕೆಂದು ತಂದಿಟ್ಟು ವರ್ಷವೆಲ್ಲ ಮರೆತುಬಿಡುವ ದೋಣಿಗಳ ಪಾಲಕರು ಇದನ್ನು ನೆನಪಿನಲ್ಲಿಡಬೇಕು.

ನೀರು ಎಷ್ಟು ಬರುತ್ತದೆ?

ಸಣ್ಣ ತೂತೆಂದು ಉದಾಸೀನ ಮಾಡುವವರಿಗಾಗಿ ಒಂದು ಲೆಕ್ಕ. ನೀರಿನ ಮಟ್ಟಕ್ಕಿಂತ ೩೦ ಸೆಂಟಿಮೀಟರ್ ಕೆಳಗೆ ೩ ಮಿಲಿಮೀಟರ್ ಅಗಲದ ತೂತೊಂದಿದೆಯೆನ್ನೋಣ. ಟಾರಿಚೆಲ್ಲಿಯ ನಿಯಮದ ಪ್ರಕಾರ ನೀರು ಒಳನುಗ್ಗುವ ವೇಗ ಸೆಕೆಂಡಿಗೆ ಸುಮಾರು ೨.೪ ಮೀಟರ್. ತೂತಿನ ಅಂಚಿನಲ್ಲಿ ಧಾರೆಯು ಕಿರಿದಾಗುವುದನ್ನು ಲೆಕ್ಕಕ್ಕೆ ಹಿಡಿದು ಹತ್ತರಲ್ಲಿ ಆರು ಪಾಲನ್ನು ಮಾತ್ರ ತೆಗೆದುಕೊಂಡರೂ, ಸೆಕೆಂಡಿಗೆ ೧೦ ಮಿಲಿಲೀಟರ್, ಗಂಟೆಗೆ ಸುಮಾರು ೩೭ ಲೀಟರ್ ಆಯಿತು. ಎಂಟು ಗಂಟೆ ಕಳೆಯುವಷ್ಟರಲ್ಲಿ ಸುಮಾರು ೩೦೦ ಲೀಟರ್, ಎಂದರೆ ೩೦೦ ಕಿಲೋಗ್ರಾಂ. ಐದು ಜನರನ್ನು ಹೆಚ್ಚಾಗಿ ಹತ್ತಿಸಿಕೊಂಡಂತೆ. ಒಳಗಿನ ನೀರು ಏರಿದಂತೆ ಧಾರೆಯ ವೇಗ ಇಳಿಯುವುದು ನಿಜ. ಆದರೆ ಭಾರದಿಂದ ದೋಣಿಯೂ ತಗ್ಗುತ್ತದೆಂಬುದನ್ನು ಮರೆಯಬಾರದು. ಹನಿಗೂಡಿದರೆ ಹಳ್ಳವೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಸೋರಿಕೆಯನ್ನು ಹುಡುಕುವ ಕ್ರಮ

ಮೊದಲನೆಯ ಸೂತ್ರ: ನೀರು ನಿಂತ ಸ್ಥಳವೇ ನೀರು ಬಂದ ಸ್ಥಳವೆಂದು ನಂಬಬಾರದು. ಯಂತ್ರದ ಭಾರದಿಂದ ದೋಣಿಯ ಹಿಂಭಾಗವು ತಗ್ಗಿರುತ್ತದೆ. ಮುಂದೆ ಎಲ್ಲಿಯೋ ತಳದಲ್ಲಿ ಬಂದ ನೀರೂ, ಬದಿಯ ಅಂಚಿನ ಸಂದಿಯಿಂದ ಇಳಿದ ನೀರೂ ಹರಿದುಬಂದು ಹಿಂಗೋಡೆಯ ಬುಡದಲ್ಲಿಯೇ ಕೂಡುತ್ತವೆ. ಕೆರೆಯ ಏರಿಯ ಕೆಳಗೆ ಒಸರು ಕಂಡಾಗ, ಅದರ ನೇರಕ್ಕೆ ಒಳಮಗ್ಗುಲಿನಲ್ಲಿ ಬಾಯಿ ಇರಲೇಬೇಕೆಂಬ ನಿಯಮವಿಲ್ಲವಷ್ಟೆ? ಇದೂ ಹಾಗೆಯೇ.

ಎರಡನೆಯದಾಗಿ, ಯಾವ ನೀರೆಂಬುದನ್ನು ಗೊತ್ತುಮಾಡಬೇಕು. ದೋಣಿಯನ್ನು ಸಿಹಿನೀರಿನಿಂದ ತೊಳೆದು ಒಣಗಿಸಿ, ಆಮೇಲೆ ಕಡಲಿಗೆ ಇಳಿಸಿ, ಕೂಡಿದ ನೀರಿನ ರುಚಿ ನೋಡಿದರೆ ಸಾಕು: ಉಪ್ಪಾದರೆ ಕೆಳಗಿನದು ಅಥವಾ ಅಲೆಯದು, ಸಪ್ಪೆಯಾದರೆ ಮಳೆಯದು. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಬೆಳ್ಳಿಯ ನೈಟ್ರೇಟನ್ನು ಹಾಕಿ ಬಿಳಿಯ ಒತ್ತರವನ್ನು ನೋಡಬಹುದು. ಮೊದಲು ತೊಳೆಯದಿದ್ದರೆ ಹಳೆಯ ಉಪ್ಪು ಮಳೆನೀರಿನಲ್ಲಿ ಕರಗಿ ನಮ್ಮನ್ನು ವಂಚಿಸುತ್ತದೆ. ಕೆರೆಯಲ್ಲಿ ಈ ಪರೀಕ್ಷೆ ನಡೆಯದೆಂಬುದು ಸ್ಪಷ್ಟ.

ಮೂರನೆಯದು ತುಂಬುವ ಪರೀಕ್ಷೆ. ನೀರು ಒಳಗೆ ಬರುವ ದಾರಿಯಲ್ಲಿಯೇ ಹೊರಗೂ ಹೋಗುತ್ತದೆ. ದೋಣಿಯನ್ನು ದಡಕ್ಕೆ ತಂದು, ತಳಕ್ಕೆ ಚೆನ್ನಾಗಿ ಆಧಾರ ಕೊಟ್ಟು, ಹೊರಮೈಯನ್ನು ಒರೆಸಿ ಒಣಗಿಸಿ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಬಳಿಯಬೇಕು. ಆಮೇಲೆ ಒಳಗೆ ನೀರನ್ನು ಎರಡೆರಡು ಬೆರಳಷ್ಟೇ ಏರಿಸುತ್ತ, ಪ್ರತಿ ಮಟ್ಟದಲ್ಲಿಯೂ ಹತ್ತು ಹದಿನೈದು ನಿಮಿಷ ಕಾಯಬೇಕು. ಪುಡಿಯು ಒದ್ದೆಯಾಗಿ ಕಪ್ಪಾದ ಕಡೆ ಸೋರಿಕೆಯಿದೆ. ಯಾವ ಮಟ್ಟದಲ್ಲಿ ಮೊದಲು ಒದ್ದೆಯಾಯಿತೆಂಬುದರಿಂದ ಅದರ ಎತ್ತರವೂ ತಿಳಿಯುತ್ತದೆ. ನೂರು ಲೀಟರಿಗೆ ನೂರು ಕಿಲೋಗ್ರಾಂ ಭಾರವಾದುದರಿಂದ ಹೊರಗಿನ ನೀರಿನ ಗೆರೆಯನ್ನು ಮೀರಿ ಎಂದೂ ತುಂಬಕೂಡದು. ಕೆಲವು ಸಂದಿಗಳು ಯಂತ್ರವು ನೂಕುವಾಗ ಮಾತ್ರ ತೆರೆದುಕೊಳ್ಳುತ್ತವೆ. ಆದಕಾರಣ ನೀರು ಒಳಗಿರುವಾಗಲೇ ಒಬ್ಬರು ಯಂತ್ರದ ಕಾಲನ್ನು ಹಿಡಿದು ಮೆಲ್ಲನೆ ಅಲುಗಿಸಬೇಕು, ಇನ್ನೊಬ್ಬರು ಪುಡಿಯನ್ನು ನೋಡುತ್ತಿರಬೇಕು.

ನಾಲ್ಕನೆಯದು ಮಳೆಯ ಪರೀಕ್ಷೆ. ಒಳಗಿನ ನೀರನ್ನು ತೆಗೆದು ಒಣಗಿಸಿ, ಹೊರಗಿನಿಂದ ಕೊಳವೆಯ ನೀರನ್ನು ಬಿಡಬೇಕು. ಇದನ್ನು ಕೆಳಗಿನಿಂದ ಮೇಲಕ್ಕೆ ಮಾಡುವುದು ಅಗತ್ಯ. ಮೇಲಿನಿಂದ ಆರಂಭಿಸಿದರೆ ಎಲ್ಲ ಸಂದಿಗಳೂ ಒಮ್ಮೆಗೇ ಒದ್ದೆಯಾಗಿ ತಪ್ಪಿತಸ್ಥ ಯಾವುದೆಂದು ತಿಳಿಯದೆ ಹೋಗುತ್ತದೆ.

ಮುಖ್ಯವಾಗಿ ಸಂದೇಹಿಸಬೇಕಾದ ಸ್ಥಳಗಳು ಇವು: ನೀರು ಬಸಿಯುವ ಬಿರಡೆಯ ಹಿತ್ತಾಳೆಯ ಕೊಳವೆ ಮತ್ತು ಅದರ ರಬ್ಬರ್ ಬಳೆ, ಯಂತ್ರವನ್ನು ಬಿಗಿದ ಬೋಲ್ಟುಗಳ ತೂತು, ಯಾವುದೋ ಉಪಕರಣಕ್ಕೆಂದು ಹೊಡೆದು ಮರೆತುಬಿಟ್ಟ ತಿರುಪುಮೊಳೆಯ ತೂತು, ಹಿಂಗೋಡೆಯ ಮೇಲಂಚಿನ ಮುಚ್ಚಳ, ತಳವೂ ಹಿಂಗೋಡೆಯೂ ಕೂಡುವ ಮೂಲೆ. ಬೋಲ್ಟಿನ ಸುತ್ತ ನಕ್ಷತ್ರದಂತೆ ಹಬ್ಬಿದ ಕೂದಲೆಳೆಯ ಬಿರುಕುಗಳು ಕಂಡರೆ, ಒಳಗಿನ ಹಲಗೆ ಸೋತು ಚರ್ಮವು ಬಾಗುತ್ತಿರಬಹುದೆಂದು ತಿಳಿಯಬೇಕು.

ಕಾಣದ ಸೋರಿಕೆ

ಮೇಲಿನ ಪರೀಕ್ಷೆಗಳೆಲ್ಲ ಎರಡೂ ಚರ್ಮಗಳನ್ನು ದಾಟಿ ಬರುವ ನೀರಿಗೆ ಸಂಬಂಧಿಸಿದುವು. ಹೆಚ್ಚು ಅಪಾಯಕರವಾದುದು, ಹೊರಚರ್ಮವನ್ನು ದಾಟಿ ಮರದಲ್ಲಿಯೇ ಉಳಿದುಬಿಡುವ ನೀರು. ಬಿಸಿಲಿನಲ್ಲಿ ಕಾದ ದೋಣಿಯನ್ನು ತಣ್ಣೀರಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗಿ ತೂತಿನ ಮೂಲಕ ನೀರನ್ನು ಹೀರುತ್ತದೆ; ಮರದ ನಾರುಗಳು ಅದನ್ನು ದೂರಕ್ಕೆ ಒಯ್ಯುತ್ತವೆ. ದೋಣಿಯೊಳಗೆ ಒಂದು ಹನಿಯೂ ಕಾಣುವುದಿಲ್ಲ. ಹಲಗೆ ಮಾತ್ರ ಕೊಳೆಯುತ್ತಿರುತ್ತದೆ. ಇದನ್ನು ಕಿವಿಯಿಂದ ಪತ್ತೆಮಾಡಬೇಕು. ಚಿಕ್ಕ ಸುತ್ತಿಗೆಯಿಂದಲೋ ನಾಣ್ಯದಿಂದಲೋ ಅಂಗುಲ ಅಂಗುಲಕ್ಕೆ ತಟ್ಟುತ್ತ ಹೋದರೆ ಗಟ್ಟಿಯಾದ ಕಡೆ ಟಣ್ಣೆಂಬ ಸ್ಪಷ್ಟ ಧ್ವನಿ, ಕೊಳೆತ ಕಡೆ ಮಂಕಾದ ಧ್ವನಿ ಬರುತ್ತದೆ. ಸಂದೇಹ ಉಳಿದರೆ ಒಳಮಗ್ಗುಲಿನಿಂದ, ಬುಡದ ಹತ್ತಿರ, ೪ ಮಿಲಿಮೀಟರಿನ ಬೈರಿಗೆಯಿಂದ ಮರದ ವರೆಗೆ ಮಾತ್ರ ಕೊರೆದು ಹೊಟ್ಟನ್ನು ನೋಡಬೇಕು. ಒಣಗಿ ತಿಳಿಬಣ್ಣವಿದ್ದರೆ ಒಳ್ಳೆಯದು; ಕಪ್ಪಾಗಿ ಒದ್ದೆಯಾಗಿ ಹುಳಿವಾಸನೆ ಬಂದರೆ ರೋಗ ನಿಶ್ಚಿತ. ಪರೀಕ್ಷೆಯ ತೂತನ್ನು ಎಪಾಕ್ಸಿ ರಾಳದಿಂದ ಆ ಮೇಲೆ ತುಂಬುವುದನ್ನು ಮರೆಯಲಾಗದು.

ಪರಿಹಾರ

ಮರ ಗಟ್ಟಿಯಾಗಿದ್ದರೆ ಕೆಲಸ ಸುಲಭ. ಬೋಲ್ಟುಗಳನ್ನು ಬಿಚ್ಚಿ, ಹಲಗೆಯನ್ನು ಪೂರ್ತಿಯಾಗಿ ಒಣಗಲು ಬಿಡಬೇಕು. ಅವಸರದಿಂದ ಒದ್ದೆಯ ಮೇಲೆಯೇ ಮುಚ್ಚಿದರೆ ಶತ್ರುವನ್ನು ಕೋಟೆಯೊಳಗಿಟ್ಟು ಬಾಗಿಲು ಹಾಕಿದಂತಾಗುತ್ತದೆ. ಒಣಗಿದ ಮೇಲೆ ತೂತನ್ನು ಬೋಲ್ಟಿಗಿಂತ ಅಗಲವಾಗಿ ಕೊರೆದು, ಎಪಾಕ್ಸಿಯಿಂದ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಬೇಕು. ಆಗ ಬೋಲ್ಟು ಮರವನ್ನು ಮುಟ್ಟುವುದೇ ಇಲ್ಲ; ಮುಂದೆ ಸೋರಿದರೂ ಮರಕ್ಕೆ ನೀರು ತಗಲದು. ನೀರಿನ ಗೆರೆಯ ಕೆಳಗೆ ಕಡಲಿನ ಬಳಕೆಗೆಂದು ತಯಾರಾದ ಪಾಲಿಯುರೆಥೇನ್ ಲೇಪವನ್ನು ಬಳಸುವುದು ಲೇಸು. ಮರವೇ ಕೊಳೆತಿದ್ದರೆ ಲೇಪಗಳಿಂದ ಪ್ರಯೋಜನವಿಲ್ಲ. ಒಂದು ಚರ್ಮವನ್ನು ಕತ್ತರಿಸಿ ತೆಗೆದು ಹೊಸ ಹಲಗೆಯನ್ನು ಕೂಡಿಸಬೇಕು. ಅಲ್ಲಿಯ ವರೆಗೆ ಆ ದೋಣಿಗೆ ಯಂತ್ರವನ್ನು ಹೂಡಬಾರದು. ಅಳಿವೆಯ ಅಲೆಯ ನಡುವೆ ಯಂತ್ರವು ಹಿಂಗೋಡೆಯನ್ನು ಕಿತ್ತುಕೊಂಡರೆ ದೋಣಿಯ ಬೆನ್ನೇ ತೆರೆದಂತೆ. ಆಗ ನೀರನ್ನು ಎತ್ತಿ ಚೆಲ್ಲಲು ಯಾರಿಗೂ ಸಮಯವಿರುವುದಿಲ್ಲ.

ಈ ಪರೀಕ್ಷೆಗಳಿಗೆ ಬೇಕಾದುದು ಸೀಮೆಸುಣ್ಣ, ನೀರು, ಸುತ್ತಿಗೆ ಮತ್ತು ಒಂದು ದಿನದ ತಾಳ್ಮೆ. ಕರಾವಳಿಯಿಂದ ಇಲ್ಲಿಗೆ ಓದಲು ಬಂದಿರುವ ಮಿತ್ರರು ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ, ಜೂನ್ ತಿಂಗಳು ಕಾಲಿಡುವ ಮೊದಲು, ಮನೆಯ ದೋಣಿಯ ಹಿಂಗೋಡೆಯನ್ನು ಒಮ್ಮೆ ತಟ್ಟಿ ನೋಡಲಿ. ನಮ್ಮ ಬಡಾವಣೆಗಳಲ್ಲಿ ಪ್ರವಾಹಕ್ಕೆಂದು ದೋಣಿಯನ್ನು ಇಟ್ಟುಕೊಂಡವರು ಅದನ್ನು ಮುಚ್ಚಿಗೆಯ ಕೆಳಗೆ, ಮೂತಿಯನ್ನು ಎತ್ತರಿಸಿ, ಬಿರಡೆಯನ್ನು ತೆಗೆದು ಇಡಲಿ. ಬಿರಡೆಯನ್ನು ಮಾತ್ರ ಕಳೆದುಹೋಗದಂತೆ ದಾರದಿಂದ ದೋಣಿಗೇ ಕಟ್ಟಿರಲಿ.