ಬೆಂಕಿಪೊಟ್ಟಣದ ಚಿತ್ರಕ್ಕೆ ತಿಂಗಳಿಗೆ 333 ರೂಪಾಯಿ

2014ರಲ್ಲಿ ನಾನು 40,000 ರೂಪಾಯಿ ಕೊಟ್ಟು ಬೆಂಕಿಪೊಟ್ಟಣದ ಚಿತ್ರಗಳ ಸಂಗ್ರಹವೊಂದನ್ನು ಕೊಂಡೆ. ಸುಮಾರು 1,600 ಚಿತ್ರ, ನಾಲ್ಕು ಆಲ್ಬಂ. 2024ರಲ್ಲಿ ಅದನ್ನು ಮಾರಿದೆ. ಹರಾಜಿನಲ್ಲಿ ಕೂಗಿದ ಬೆಲೆ 61,000. ಸುದ್ದಿ ಕೇಳಿದವರೆಲ್ಲ ಒಳ್ಳೇ ಲಾಭವಾಯಿತಲ್ಲ ಎಂದರು. ಅಕ್ಕನ ಮಗ ಅದೇ ಧೈರ್ಯದಲ್ಲಿ ಮೊಬೈಲಿನೊಳಗಿನ ಕ್ರಿಕೆಟ್ ಕಾರ್ಡುಗಳನ್ನು ಕೊಳ್ಳಲು ಹೊರಟ. ಅದಕ್ಕೆ ಹಣ ಹೊಂದಿಸಲು ಎಸ್‌ಐಪಿ ನಿಲ್ಲಿಸುತ್ತೇನೆ ಎಂದ. ಅವನನ್ನು ಕೂರಿಸಿಕೊಂಡು ತೋರಿಸಿದ ಲೆಕ್ಕವನ್ನೇ ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ. ಬಾಲ್ಯದ ನೆನಪಿಗೆ ಹಣ ಕೊಡಬಹುದು, ಧಾರಾಳವಾಗಿ ಕೊಡಬಹುದು. ಆದರೆ ಆ ಹಣವನ್ನು ಹೂಡಿಕೆಯ ಪುಟದಲ್ಲಿ ಬರೆದುಕೊಂಡರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ನಾನು ಬೆಳೆದದ್ದು ತಮಿಳುನಾಡಿನ ಶಂಕಗಿರಿಯಲ್ಲಿ. ಮನೆಯೊಳಗೆ ದೇವಾಂಗರ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಪ್ಪನದು ಮಗ್ಗ, ಸೋದರಮಾವನದು ಲಾರಿ. ಬ್ರಿಟಿಷರ ವಿರುದ್ಧ ಹೋರಾಡಿದ ಧೀರನ್ ಚಿನ್ನಮಲೈಯನ್ನು 1805ರಲ್ಲಿ ಗಲ್ಲಿಗೇರಿಸಿದ ಕೋಟೆ ಬೆಟ್ಟದ ಮೇಲೆ, ಕೆಳಗೆ ಸೇಲಂ–ಕೊಯಮತ್ತೂರು ಹೆದ್ದಾರಿ, ಹೆದ್ದಾರಿಯ ಉದ್ದಕ್ಕೂ ಟೈರಿನ ಅಂಗಡಿ, ಲಾರಿಗೆ ಬಾಡಿ ಕಟ್ಟುವ ಶೆಡ್ಡು, ಚಹಾದಂಗಡಿ. ಅಮೆರಿಕದ ಹುಡುಗರಿಗೆ ಬೇಸ್‌ಬಾಲ್ ಕಾರ್ಡು ಏನಾಗಿತ್ತೋ ನಮ್ಮ ಬೀದಿಯ ಹುಡುಗರಿಗೆ ಬೆಂಕಿಪೊಟ್ಟಣದ ಚಿತ್ರ ಅದಾಗಿತ್ತು. ಶಿವಕಾಶಿ, ಸಾತ್ತೂರು, ಕೋವಿಲ್‌ಪಟ್ಟಿಯ ಪೊಟ್ಟಣಗಳು ಎಲ್ಲ ಅಂಗಡಿಯಲ್ಲೂ ಸಿಗುತ್ತಿದ್ದವು. ಚಿರತೆಯೊಡನೆ ಕಾದಾಡುವ ಚೀಟಾ ಫೈಟ್ ಎಲ್ಲರ ಬಳಿಯೂ ಇತ್ತು. ವಿಮ್ಕೋ ಕಂಪನಿಯವರ ಹಡಗಿನ ಚಿತ್ರಕ್ಕೆ ಸ್ವಲ್ಪ ಮರ್ಯಾದೆ ಹೆಚ್ಚು.

ಆಗಿನ ಪೊಟ್ಟಣ ತೆಳುವಾದ ಮರದ ಹಾಳೆಯದು. ಅದಕ್ಕೆ ನೀಲಿ ಕಾಗದ ಸುತ್ತಿ, ಮೇಲೆ ಚಿತ್ರ ಅಂಟಿಸಿರುತ್ತಿದ್ದರು. ಬಿಸಿನೀರಿನಲ್ಲಿ ಪೊಟ್ಟಣ ನೆನೆಹಾಕಿ ಕಾದರೆ ಅಂಟು ಬಿಟ್ಟು ಚಿತ್ರ ತಾನಾಗಿ ಮೇಲೆ ತೇಲುತ್ತದೆ. ಅವಸರಪಟ್ಟು ಉಗುರಿನಿಂದ ಎಬ್ಬಿಸಿದರೆ ಮೂಲೆ ಹರಿಯುತ್ತದೆ. ಮೂಲೆ ಹರಿದದ್ದಕ್ಕೆ ಅರ್ಧ ಬೆಲೆ. ತೇಲಿದ್ದನ್ನು ಹಳೇ ಪೇಪರಿನ ನಡುವೆ ಇಟ್ಟು, ಮೇಲೆ ಅಕ್ಕಿ ಡಬ್ಬ ಹೇರಿ ಒಣಗಿಸಬೇಕು. ಅಪ್ಪ ಮಗ್ಗದ ಹಾಸುನೂಲಿಗೆ ಹಚ್ಚಲು ಮಾಡಿದ ಗಂಜಿಯಲ್ಲೇ ಒಂದಿಷ್ಟು ತೆಗೆದು ನಾನು ಚಿತ್ರಗಳನ್ನು ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದೆ.

ಬೆಲೆ ನಿಗದಿಯಾಗುತ್ತಿದ್ದದ್ದು ಲಾರಿಗಳಿಂದ. ಮಾವ ಗುಜರಾತಿನ ಕಡೆ ಲೋಡು ಹೋಗಿ ಬಂದರೆ ಅಂಗಿಯ ಜೇಬಿನಲ್ಲಿ ಒಂದೆರಡು ಖಾಲಿ ಪೊಟ್ಟಣ ಇರುತ್ತಿತ್ತು. ನಮಗೆ ಓದಲಾಗದ ಅಕ್ಷರ, ನಮ್ಮ ಕಡೆ ಕಾಣದ ಬಣ್ಣ. ಅಂಥ ಒಂದು ಚಿತ್ರಕ್ಕೆ ಹತ್ತು ಚೀಟಾ ಕೊಡಲು ಹುಡುಗರು ಸಾಲು ನಿಲ್ಲುತ್ತಿದ್ದರು. ಒಮ್ಮೆ ಅದೇ ಚಿತ್ರದ ಇಡೀ ಕಟ್ಟೊಂದನ್ನು ಇನ್ನೊಬ್ಬ ಡ್ರೈವರು ತಂದು ತನ್ನ ಮಗನಿಗೆ ಕೊಟ್ಟ. ಮರುದಿನ ಅದರ ಬೆಲೆ ಎರಡು ಚೀಟಾಕ್ಕೆ ಇಳಿಯಿತು. ಎಲ್ಲೋ ಒಂದು ಗೋದಾಮಿನಲ್ಲಿ ಸರಕು ಬಿದ್ದಿದ್ದರೆ ನಮ್ಮ ಕೈಯಲ್ಲಿರುವುದಕ್ಕೆ ಅಪರೂಪ ಎಂಬ ಹೆಸರು ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ನಾನು ಕಲಿತದ್ದು ಅಲ್ಲಿ. ಆಮೇಲೆ ಓದಿದ ಯಾವ ಪುಸ್ತಕವೂ ಅದನ್ನು ಅಷ್ಟು ಚೆನ್ನಾಗಿ ಹೇಳಲಿಲ್ಲ.

1987ರ ವಿಶ್ವಕಪ್ ಬಂತು. ಚೆಪಾಕ್‌ನಲ್ಲಿ ಭಾರತ ಆಸ್ಟ್ರೇಲಿಯಾಕ್ಕೆ ಒಂದೇ ರನ್ನಿನಿಂದ ಸೋತಿತು. ಹುಡುಗರೆಲ್ಲ ಬಬಲ್‌ಗಮ್ಮಿನ ಕ್ರಿಕೆಟ್ ಚಿತ್ರಗಳ ಹಿಂದೆ ಬಿದ್ದರು. ನನ್ನ ನೋಟ್‌ಬುಕ್ಕು ಅಟ್ಟ ಸೇರಿತು. ಗಂಜಿ ಹಚ್ಚಿದ್ದಲ್ಲೆಲ್ಲ ಜಿರಳೆ, ಬೆಳ್ಳಿಹುಳ ತಿಂದು ತೂತು ಮಾಡಿದವು. ಉಳಿದದ್ದನ್ನು ಅಮ್ಮ ಒಲೆಗೆ ಹಾಕಿದರು.

ಹಾಗಾಗಿ 2014ರಲ್ಲಿ ಬೆಂಗಳೂರಿನಲ್ಲಿ ಹಿರಿಯ ಸಂಗ್ರಾಹಕರೊಬ್ಬರ ಮನೆಯವರು ಆಲ್ಬಂ ಮಾರುತ್ತಿದ್ದಾರೆಂದು ತಿಳಿದಾಗ ಹೆಚ್ಚು ಯೋಚಿಸಲಿಲ್ಲ. ಸ್ವೀಡನ್, ಆಸ್ಟ್ರಿಯಾ, ಜಪಾನಿನಿಂದ ಪೊಟ್ಟಣಗಳು ಹಡಗಿನಲ್ಲಿ ಬರುತ್ತಿದ್ದ ಕಾಲದ, ನಮ್ಮ ದೇವದೇವತೆಗಳ ಚಿತ್ರವಿದ್ದ ಕೆಲವು ಹಾಳೆಗಳಿದ್ದವು. 1922ರಲ್ಲಿ ಅಯ್ಯ ನಾಡಾರ್, ಷಣ್ಮುಗ ನಾಡಾರ್ ಕಲ್ಕತ್ತಕ್ಕೆ ಹೋಗಿ ಬೆಂಕಿಪೊಟ್ಟಣದ ಕಸುಬು ಕಲಿತು ಬಂದ ಮೇಲೆ ಬೆಳೆದ ಶಿವಕಾಶಿಯ ಸರಕೇ ಹೆಚ್ಚು. ನಡುವೆ ಒಂದು ಹಾಳೆಯಲ್ಲಿ ಮಾವ ತಂದುಕೊಡುತ್ತಿದ್ದಂಥ, ಗುಜರಾತಿನ ಕಡೆಯ ಆ ಚಿತ್ರ. ಮೂಲೆ ಹರಿದಿರಲಿಲ್ಲ. ಕೇಳಿದ ಬೆಲೆ ಕೊಟ್ಟು ತಂದೆ.

ಈಗ ಲೆಕ್ಕ. ನಿಧಾನವಾಗಿ ಓದಿ, ಬೇಕಾದರೆ ಪೆನ್ನು ಹಿಡಿಯಿರಿ.

ಕೊಂಡ ಬೆಲೆ 40,000. ಹುಳ ಹಿಡಿಯಬಾರದು, ಕಾಗದ ಹಳದಿಯಾಗಬಾರದು ಎಂದು ಆಮ್ಲವಿಲ್ಲದ ಹಾಳೆ, ಒಳ್ಳೆಯ ಆಲ್ಬಂ ತರಿಸಿದ್ದಕ್ಕೆ ಅದೇ ವರ್ಷ 6,000. ಒಟ್ಟು ಕೈಯಿಂದ ಹೋದದ್ದು 46,000. ಜನ ಇಲ್ಲೇ ತಪ್ಪುತ್ತಾರೆ, 40,000ವನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ.

ಮಾರಿದ ಬೆಲೆ 61,000. ಹರಾಜಿನವರ ಕಮಿಷನ್ ಶೇ 15, ಅಂದರೆ 9,150. ಉಳಿದದ್ದು 51,850. ಫೋಟೋ, ಪ್ಯಾಕಿಂಗು, ವಿಮೆ ಮಾಡಿಸಿದ ಕೊರಿಯರು ಸೇರಿ 1,350. ಕೈಗೆ ಬಂದದ್ದು 50,500.

46,000 ಹತ್ತು ವರ್ಷದಲ್ಲಿ 50,500 ಆಯಿತು. ಲಾಭ 4,500. ಸಿಎಜಿಆರ್, ಅಂದರೆ ಚಕ್ರಬಡ್ಡಿಯ ಲೆಕ್ಕದಲ್ಲಿ ವರ್ಷದ ಬೆಳವಣಿಗೆ, ಶೇ 0.94. ಒಂದು ಶೇಕಡಾ ಕೂಡ ಇಲ್ಲ. ಖರ್ಚುಗಳನ್ನೆಲ್ಲ ಮರೆತು 40,000 ಮತ್ತು 61,000ವನ್ನಷ್ಟೇ ಹಿಡಿದರೂ ಸುಮಾರು ಶೇ 4.3 ಅಷ್ಟೇ. ಬೆಂಕಿಪೊಟ್ಟಣದ ಬೆಲೆಯನ್ನೇ ಪಕ್ಕದಲ್ಲಿಡೋಣ. 2007ರಲ್ಲಿ ಅದು ಒಂದು ರೂಪಾಯಿಯಾಯಿತು, 2021ರ ಡಿಸೆಂಬರ್ 1ರಂದು ಎರಡು ರೂಪಾಯಿ. 14 ವರ್ಷದಲ್ಲಿ ಇಮ್ಮಡಿ, ಅಂದರೆ ವರ್ಷಕ್ಕೆ ಸುಮಾರು ಶೇ 5. ನನ್ನ ಅಪರೂಪದ ಚಿತ್ರಗಳ ಬೆಲೆ, ಅಂಗಡಿಯಲ್ಲಿ ಮಾರುವ ಕಡ್ಡಿಪೆಟ್ಟಿಗೆಯಷ್ಟು ವೇಗದಲ್ಲೂ ಏರಲಿಲ್ಲ.

ಅದೇ 46,000 ಪಿಪಿಎಫ್‌ನಲ್ಲಿ ಇದ್ದಿದ್ದರೆ? ಆ ಹತ್ತು ವರ್ಷದಲ್ಲಿ ಪಿಪಿಎಫ್ ಬಡ್ಡಿ 8.7ರಿಂದ 7.1ಕ್ಕೆ ಇಳಿಯಿತು, ಅದಕ್ಕಿಂತ ಕೆಳಗೆ ಹೋಗಲಿಲ್ಲ. ನಾನು ಬಿಗಿಯಾಗಿ ಶೇ 7 ಹಿಡಿಯುತ್ತೇನೆ. ಹತ್ತು ವರ್ಷದ ಕೊನೆಗೆ 90,489. ಅದರಲ್ಲಿ ಕೈಗೆ ಬಂದ 50,500 ಕಳೆಯಿರಿ: 39,989. ಸುಮಾರು 40,000 ಅನ್ನೋಣ. ಹತ್ತು ವರ್ಷಕ್ಕೆ 40,000, ವರ್ಷಕ್ಕೆ 4,000, ತಿಂಗಳಿಗೆ 333.

ಆ ನಾಲ್ಕು ಆಲ್ಬಂಗಳನ್ನು ಮನೆಯಲ್ಲಿಟ್ಟುಕೊಂಡದ್ದಕ್ಕೆ ನಾನು ತೆತ್ತ ಬೆಲೆ ತಿಂಗಳಿಗೆ 333 ರೂಪಾಯಿ. ಭಾನುವಾರಗಳ ಮಧ್ಯಾಹ್ನ ಅವುಗಳ ಮುಂದೆ ಕೂತಿದ್ದೇನೆ, ಮಾವ ಬದುಕಿದ್ದಾಗ ಅವರಿಗೂ ತೋರಿಸಿದ್ದೇನೆ, ಅಂಥ ಚಿತ್ರಗಳನ್ನು ತಾವು ಯಾವ ಲೋಡಿನಲ್ಲಿ ತಂದಿದ್ದೆವೆಂದು ಅವರು ಹೇಳಿದ್ದನ್ನು ಬರೆದಿಟ್ಟಿದ್ದೇನೆ. ನನಗೆ ಈ ಬೆಲೆ ನ್ಯಾಯವಾದದ್ದು. ಇನ್ನೊಮ್ಮೆ ಅವಕಾಶ ಬಂದರೂ ಕೊಡುತ್ತೇನೆ. ಯಾಕೆಂದರೆ 2014ರಲ್ಲಿ ಆ ಹಣ ಬಂದದ್ದು ಪಿಪಿಎಫ್, ಎಸ್‌ಐಪಿ, ಟರ್ಮ್ ವಿಮೆ ಎಲ್ಲ ಕಟ್ಟಿದ ಮೇಲೆ ಉಳಿದ ಬೋನಸ್ಸಿನಿಂದ. ಬರೆದದ್ದು ಪ್ರವಾಸ, ಪುಸ್ತಕ, ಹಬ್ಬದ ಬಟ್ಟೆ ಇರುವ ಪುಟದಲ್ಲಿ. ಮಾರಿದ್ದು ಅಕ್ಕನ ಮನೆಯ ಮಗ್ಗದ ಶೆಡ್ಡಿಗೆ ಹಣ ಬೇಕಾದಾಗ. ಮಾರುತ್ತೇನೆಂದು ಹೇಳಿದ ಮೇಲೆ ಹಣ ಬ್ಯಾಂಕಿಗೆ ಬರಲು ತಿಂಗಳುಗಳೇ ಹಿಡಿದವು. ಎಫ್‌ಡಿ ಆಗಿದ್ದರೆ ಅಂದು ಸಂಜೆಯೇ ಮುರಿಸಬಹುದಿತ್ತು. ಇದೂ ಒಂದು ಬೆಲೆ; ನನ್ನ 333ರಲ್ಲಿ ಅದು ಸೇರಿಲ್ಲ.

ಬೇಸ್‌ಬಾಲ್ ಕಾರ್ಡಿನ ಕಥೆ ಹೇಳಿ ನನ್ನ ಬಾಯಿ ಮುಚ್ಚಿಸಲು ಬರುವವರಿದ್ದಾರೆ. ಟಾಪ್ಸ್ ಕಂಪನಿಯ 1952ರ, ಆಟಗಾರ ಮಿಕ್ಕಿ ಮ್ಯಾಂಟಲ್ ಚಿತ್ರದ ಕಾರ್ಡೊಂದು 2022ರ ಆಗಸ್ಟಿನಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಆಗಿನ ದರದಲ್ಲಿ ಸುಮಾರು 100 ಕೋಟಿ ರೂಪಾಯಿ. ನಿಜ. ಆದರೆ ಅದು ಯಾಕೆ ಅಪರೂಪವಾಯಿತು ಎಂಬುದನ್ನೂ ಹೇಳಬೇಕಲ್ಲ. ಮಾರಾಟವಾಗದೆ ಗೋದಾಮಿನಲ್ಲಿ ಕೊಳೆಯುತ್ತಿದ್ದ ಆ ವರ್ಷದ ಕಾರ್ಡುಗಳನ್ನು 1960ರಲ್ಲಿ ದೋಣಿಗೆ ಹೇರಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದ್ದಾಗಿ ಟಾಪ್ಸ್‌ನ ಸೈ ಬರ್ಗರ್ ಅವರೇ ಹೇಳಿದ್ದಾರೆ. ಉಳಿದವನ್ನು ಹುಡುಗರು ಆಡಿ ಸವೆಸಿದರು, ತಾಯಂದಿರು ಎಸೆದರು. ಯಾರೂ ಬೆಲೆ ಬರುತ್ತದೆಂದು ಇಟ್ಟುಕೊಂಡಿರಲಿಲ್ಲ, ಅದಕ್ಕೇ ಬೆಲೆ ಬಂತು. ಇಂಥ ಸುದ್ದಿ ಕೇಳಿ 1980ರ ದಶಕದ ಕೊನೆಗೆ ಅಮೆರಿಕದಲ್ಲಿ ಲಕ್ಷಾಂತರ ಮಂದಿ ಹೊಸ ಕಾರ್ಡಿನ ಪೆಟ್ಟಿಗೆಗಳನ್ನು ಒಡೆಯದೆ ಕೂಡಿಟ್ಟರು, ಕಂಪನಿಗಳು ಕೈಗೆ ಬಂದಷ್ಟು ಅಚ್ಚು ಹಾಕಿದವು. ಆ ಕಾಲದ ಬಹುಪಾಲು ಕಾರ್ಡುಗಳಿಗೆ ಇಂದು ಕಾಗದದ ಬೆಲೆಯೂ ಇಲ್ಲ. ಶಂಕಗಿರಿಗೆ ಬಂದಿಳಿದ ಕಟ್ಟಿನ ಕಥೆಯೇ ಅದು. ಪ್ರೆಸ್ಸಿನ ಗೋದಾಮಿನಿಂದ ಅಂಟಿಸದೇ ಉಳಿದ ಹೊಸ ಚಿತ್ರಗಳ ಒಂದು ಕಟ್ಟು ಹೊರಬಂದರೆ ಸಾಕು, ಹತ್ತಾರು ಆಲ್ಬಂಗಳ ಬೆಲೆ ಒಟ್ಟಿಗೇ ಇಳಿಯುತ್ತದೆ.

ಇನ್ನು ಅಕ್ಕನ ಮಗ ತೋರಿಸಿದ ಡಿಜಿಟಲ್ ಕಾರ್ಡು. "ಮಾವ, ಇದೂ ನಿಮ್ಮ ತೀಪೆಟ್ಟಿ ಪಡದ ಹಾಗೇನೇ. ಹುಳ ತಿನ್ನಲ್ಲ, ಅಷ್ಟೇ ವ್ಯತ್ಯಾಸ" ಅಂದ. ತೀಪೆಟ್ಟಿ ಪಡ ಎಂದರೆ ನಮ್ಮ ಕಡೆ ಬೆಂಕಿಪೊಟ್ಟಣದ ಚಿತ್ರ. ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ಅವನಿಗೆ ಈ ಮಾತು ಕಲಿಸಿದವರ ಮೇಲೆ. ಹುಳ ತಿನ್ನುವುದಿಲ್ಲ, ಸರಿ. ಆ್ಯಪ್ ಮುಚ್ಚಿದರೆ ಯಾರಿಗೆ ಮಾರುತ್ತೀಯ? ಎಷ್ಟು ಕಾರ್ಡು ಬಿಡಬೇಕೆಂದು ತೀರ್ಮಾನಿಸುವುದು ಮಾರುವವನೇ. ಅಪರೂಪ ಎಂದು ಹೆಸರಿಡುವುದೂ ಅವನೇ. ಮುಂದಿನ ಸರಣಿಯಲ್ಲಿ ಅದೇ ಆಟಗಾರನ ಹೊಸ ಕಾರ್ಡು ಬಿಟ್ಟರೆ ಕೇಳುವವರಿಲ್ಲ. ಕೈಯಲ್ಲಿ ಹಿಡಿಯಲಾಗದ, ಮಡಿಸಲಾಗದ, ಅದಲುಬದಲು ಮಾಡುತ್ತ ಗೆಳೆಯನ ಜೊತೆ ಜಗಳವಾಡಲಾಗದ ವಸ್ತುವನ್ನು ಬಾಲ್ಯದ ಹೆಸರಿನಲ್ಲಿ ಮಾರುವುದು ನನಗೆ ಸಹಿಸಲಾಗದು.

ತೆರಿಗೆಯನ್ನಾದರೂ ನೋಡಿ. ಎನ್‌ಎಫ್‌ಟಿ ರೂಪದ ಕಾರ್ಡು ವಿಡಿಎ, ಅಂದರೆ ವರ್ಚುವಲ್ ಡಿಜಿಟಲ್ ಆಸ್ತಿಯ ಲೆಕ್ಕಕ್ಕೆ ಬರುತ್ತದೆ. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇ 30, ಸೆಸ್ ಸೇರಿ ಶೇ 31.2. ಅದೇ ವರ್ಷ ಜುಲೈ 1ರಿಂದ ಶೇ 1 ಟಿಡಿಎಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಹತ್ತತ್ತು ಸಾವಿರದ ಎರಡು ಕಾರ್ಡು ಕೊಂಡಿರಿ ಅನ್ನೋಣ. ಒಂದು 16,000ಕ್ಕೆ ಹೋಯಿತು, ಇನ್ನೊಂದು 4,000ಕ್ಕೆ. ಹಾಕಿದ್ದು 20,000, ಬಂದದ್ದು 20,000. ಆದರೂ 6,000 ಲಾಭದ ಮೇಲೆ 1,872 ತೆರಿಗೆ ಕಟ್ಟಬೇಕು. ಏನೂ ಗಳಿಸದೆ ತೆರಿಗೆ ಕಟ್ಟುವ ಇಂಥ ವ್ಯವಹಾರಕ್ಕಾಗಿ ಎಸ್‌ಐಪಿ ನಿಲ್ಲಿಸುವುದೇ?

"ನಿಮ್ಮಪ್ಪ ಲಾರಿ ಮಾರಿದಾಗ ಬಂದ ದುಡ್ಡನ್ನೆಲ್ಲ ಲಾಭ ಅಂತಾರೇನೋ? ಟೈರು, ಎಫ್‌ಸಿ, ಇನ್ಷೂರೆನ್ಸು, ಡ್ಯೂ ಎಲ್ಲಾ ಕಳೆದೇ ತಾನೆ ಹೇಳೋದು? ನನ್ನ 61,000ವೂ ಹಾಗೇನೇ" ಎಂದು ಕೊನೆಗೆ ಅವನಿಗೆ ಹೇಳಿದೆ. ಲಾರಿ ಮನೆಯ ಹುಡುಗ, ಆ ಮಾತು ನಾಟಿತು. ಎಸ್‌ಐಪಿ ಮುಂದುವರಿದಿದೆ.

ಹಳೇ ನಾಣ್ಯ, ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ಕೊಡುತ್ತೇವೆ ಎನ್ನುವ ಸಂದೇಶಗಳು ಊರಿನ ಎಲ್ಲ ವಾಟ್ಸ್ಆ್ಯಪ್ ಗುಂಪುಗಳಲ್ಲೂ ತಿರುಗುತ್ತವೆ. ಮಾರಿಕೊಡಲು ಮೊದಲು ಶುಲ್ಕ ಕಟ್ಟಿ ಅನ್ನುತ್ತಾರೆ. ತನ್ನ ಹೆಸರು ಬಳಸಿ ಹೀಗೆ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ. ಇದರ ಬಗ್ಗೆ ಇಷ್ಟೇ ಸಾಕು.

ನಾನು ಹೇಳಬೇಕೆಂದಿರುವುದು ಅಭ್ಯಾಸದ ಮಾತು. ವರ್ಷದ ಆರಂಭದಲ್ಲೇ ಪ್ರೀತಿಯ ವಸ್ತುಗಳಿಗೆಂದು ಒಂದು ಮೊತ್ತ ತೆಗೆದಿಡಿ. ಉಳಿತಾಯ, ವಿಮೆ, ತುರ್ತಿನ ಹಣ ಎಲ್ಲ ಹೋದ ಮೇಲೆ ಉಳಿಯುವುದರಲ್ಲಿ ಅದು ಬರಬೇಕು. ಕೊಳ್ಳುವ ಮುನ್ನ ಮಾರುವವನನ್ನೇ ಕೇಳಿ: ಆರು ತಿಂಗಳ ಮೇಲೆ ಇದನ್ನೇ ವಾಪಸ್ ತಂದರೆ ನೀವೆಷ್ಟು ಕೊಡುತ್ತೀರಿ? ಅವನು ಹೇಳುವ ಮೊತ್ತವೇ ನಿಮ್ಮ ಆಸ್ತಿಯ ಪಟ್ಟಿಯಲ್ಲಿ ಬರೆಯಬಹುದಾದದ್ದು. ಮಿಕ್ಕದ್ದು ಸಂತೋಷಕ್ಕೆ ಕೊಟ್ಟದ್ದು. ಸಾಲ ಮಾಡಿ, ಚೀಟಿ ಎತ್ತಿ, ಒಡವೆ ಇಟ್ಟು ಸಂಗ್ರಹ ಕೊಳ್ಳಬೇಡಿ.

ಮಕ್ಕಳು ಏನನ್ನಾದರೂ ಕೂಡಿಡುತ್ತಿದ್ದರೆ ಕೂಡಿಡಲಿ. ಟ್ರಂಪ್ ಕಾರ್ಡಾಗಲಿ, ಅಂಚೆಚೀಟಿಯಾಗಲಿ, ಬಾಟಲಿ ಮುಚ್ಚಳವಾಗಲಿ. ಗೆಳೆಯರೊಂದಿಗೆ ಅದಲುಬದಲು ಮಾಡಲಿ, ಮೋಸಹೋಗಲಿ, ಬೆಲೆ ಬೀಳುವುದನ್ನು ಕಣ್ಣಾರೆ ನೋಡಲಿ. ಆ ಪಾಠಕ್ಕೆ ಅವರು ತೆರುವುದು ಚಿಲ್ಲರೆ ಕಾಸು. ಆದರೆ ಇಟ್ಟುಕೋ, ಮುಂದೆ ಲಕ್ಷ ಬರುತ್ತದೆ ಎಂಬ ಮಾತನ್ನು ಅವರ ಕಿವಿಗೆ ಹಾಕಬೇಡಿ. ಲಕ್ಷ ಬೇಕಾದರೆ ಅದಕ್ಕೆ ಆರ್‌ಡಿ ಇದೆ, ಇಂಡೆಕ್ಸ್ ಫಂಡ್ ಇದೆ. ಮಗುವಿನ ಹೆಸರಿನಲ್ಲಿ ಈ ತಿಂಗಳೇ ತೆರೆಯಿರಿ. ಸಂಗ್ರಹದ ಕೆಲಸ ಸಂತೋಷ ಕೊಡುವುದು. ಅದರ ಮೇಲೆ ನಿವೃತ್ತಿಯ ಭಾರ ಹೇರಿದರೆ ಸಂತೋಷವೂ ಹೋಗುತ್ತದೆ, ನಿವೃತ್ತಿಯ ಹಣವೂ ಕೂಡುವುದಿಲ್ಲ.